ಮಠದ ಹಿತ್ತಲಿನ ಹಾಸುಗಲ್ಲುಗಳು

ಆಗಿನ್ನೂ ನಮ್ಮೂರ ಮಠದಲ್ಲಿ ಒಲೆ ಉರಿಯುತ್ತಿತ್ತು. ಸೇಡಂನಿಂದ ಚಿತ್ತಾಪುರದ ಕಡೆ ಹೋಗುವ ದಾರಿಯಲ್ಲಿ, ಕಾಗಿಣಾ ಹೊಳೆಯ ದಂಡೆಯ ಮಠ ಅದು. ನಿಜಾಮನ ಕಾಲದಲ್ಲಿ ದಾರಿಹೋಕರು ಅಲ್ಲಿ ಉಂಡು ಮಲಗುತ್ತಿದ್ದರಂತೆ, ಊರ ಹುಡುಗರು ಅಲ್ಲೇ ಅಕ್ಷರ ಕಲಿತರಂತೆ. ನಾನು ಕಂಡಾಗ ಉಳಿದಿದ್ದವರು ಮಠದ ಮುಪ್ಪಿನ ಸ್ವಾಮಿಗಳು, ನಮ್ಮ ಅಪ್ಪೋರು, ಒಬ್ಬರೇ. ಅವರ ನಂತರ ಪೀಠಕ್ಕೆ ಕೂಡಲು ಮರಿಸ್ವಾಮಿಯೂ ಇರಲಿಲ್ಲ.

ಪ್ರತಿ ವಾರದಂತೆ ಆ ಸೋಮವಾರವೂ ಅಪ್ಪನ ತಾಯಿ, ನಮ್ಮ ಆಯಿಯ ಜೊತೆ ಹೋಗಿದ್ದೆ. ಜೋಳದ ರೊಟ್ಟಿ, ಪುಂಡಿ ಪಲ್ಯದ ವಾಸನೆ ಹಿತ್ತಲಿನವರೆಗೂ ಬರುತ್ತಿತ್ತು. ಹಿತ್ತಲಲ್ಲಿ ಮಠದ ಭಕ್ತರ ಸಮಾಧಿಗಳು. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಿದ್ದರು. ಯಾವುದರ ಮೇಲೂ ಹೆಸರು ಬರೆಯಬಾರದೆಂಬುದು ಮಠದ ಪದ್ಧತಿ. ಮೇಲೊಂದು ಶಹಾಬಾದ್ ಹಾಸುಗಲ್ಲು, ಫರ್ಸಿ, ಅಷ್ಟೇ. ನನ್ನ ಅವ್ವನೂ ಅಲ್ಲೇ ಇದ್ದಳು. ಅವಳ ಕಲ್ಲಿನ ಮೇಲೆ ಕೂತು ನಾನು ಹರಳು ಆಡುತ್ತಿದ್ದೆ.

"ಏ ಕೂಸೇ, ಅವ್ವನ ತೊಡಿ ಮ್ಯಾಲ ಕುಂತು ಆಡಾಕತ್ತೀಯೇನು? ಗೆದ್ದರ ನನಗೊಂದು ಹರಳು ಕೊಡು" ಎಂದರು ಅಪ್ಪೋರು.

"ಆಕಿ ಸೋತರ ಅಳ್ತಾಳ, ಗೆದ್ದರ ಕುಣೀತಾಳ. ಕೊಡೂದು ಮಾತ್ರ ಇಲ್ಲರಿ" ಎಂದಳು ಆಯಿ.

ಆ ವಾರವೇ ಅಪ್ಪೋರು ಲಿಂಗೈಕ್ಯರಾದರು. ಮಳೆಗೆ ಹಿಂದಿನ ಗೋಡೆ ಬಿತ್ತು. ಯಾರೋ ಗೋಡೆಯ ಕಲ್ಲು, ಸಮಾಧಿಯ ಫರ್ಸಿ ಕದ್ದು ಟ್ರ್ಯಾಕ್ಟರಿನಲ್ಲಿ ಸಾಗಿಸತೊಡಗಿದರು. ಊರ ಹಿರಿಯ ಸಿದ್ದಣ್ಣ ಕಾಕಾ ಎಲ್ಲರನ್ನೂ ಕೂಡಿಸಿ ಹೇಳಿದ: "ಉಳಿದ ಫರ್ಸಿ ಮನಿಗೊಂದು ಒಯ್ದು ಜ್ವಾಕಿ ಮಾಡ್ರಿ. ಹೊಸ ಅಪ್ಪೋರು ಬಂದ ಮ್ಯಾಲ ತಿರುಗಿ ಹಾಸೋಣು."

ಜನ ಮೈತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ಬರಿಗಾಲಲ್ಲಿ ಕಲ್ಲು ಹೊತ್ತರು. ಅಂದು ನಾವು ತೊಗರಿ ಹೊಲದಲ್ಲಿದ್ದೆವು. ಮರಳಿ ಬಂದಾಗ ನಮ್ಮ ಬಾಗಿಲಿಗೂ ಒಂದು ಫರ್ಸಿ ಒರಗಿಸಿದ್ದರು. ಆಯಿ ನನ್ನ ಕೈ ಹಿಡಿದು ಮಠಕ್ಕೆ ಓಡಿದಳು. ಹಿತ್ತಲೆಲ್ಲ ಜನ ತುಳಿದ ಬರೀ ಮಣ್ಣು. ಗೋಡೆಯ ಗುರುತೂ ಇರಲಿಲ್ಲ. ಸಿದ್ದಣ್ಣ ಕಾಕಾ ಅಲ್ಲೇ ನಿಂತಿದ್ದ.

"ಸಿದ್ದಣ್ಣ, ನಮ್ಮನಿಗಿ ಇಟ್ಟಿದ್ದು ಎಲ್ಲಿದು ಕಲ್ಲು?"

"ಮಠದ್ದೇ ಆಯಿ. ನಿನಗ ಛಲೋದು ಆರಿಸಿ ಇಟ್ಟೀನಿ."

"ಮಠದಾಗ ಎಲ್ಲಿದು ಅಂದೆ."

"ಕಲ್ಲಿಗೇನು ಆಯಿ, ಎಲ್ಲಾ ಒಂದೇ ಅವ."

"ಒಂದೇ ಅವ, ಖರೆ. ನನ್ನ ಸೊಸಿ ಎಲ್ಲಿದ್ದಾಳ, ಅದನ್ನ ಹೇಳು."

ಸಿದ್ದಣ್ಣ ಕಾಕಾ ಹಿತ್ತಲ ತುಂಬ ಕಣ್ಣಾಡಿಸಿದ. "ಜಾಗ ಗುರುತು ಮಾಡಬೇಕಂತ ಹೊಳೀಲೇ ಇಲ್ಲ ಆಯಿ" ಎಂದ.

ವಾಡಿ ಪಟ್ಟಣದಲ್ಲಿ ಕೂಲಿಗಿದ್ದ ಅಪ್ಪ ಸುದ್ದಿ ಕೇಳಿ ಬಂದ. ಆಯಿ ಒಂದು ಕಡೆ ಬೆರಳು ತೋರಿಸಿದಳು, ನಾನು ಇನ್ನೊಂದು ಕಡೆ. ಅಪ್ಪ ಎರಡರ ನಡುವೆ ನಿಂತೇ ಇದ್ದ. ಯಾರೋ ಅಗೆದು ನೋಡೋಣವೆಂದರು.

"ಬ್ಯಾಡಪ್ಪಾ. ಕುಂತವರನ್ನ ಎಬ್ಬಿಸಬಾರದು" ಎಂದಳು ಆಯಿ.

ಹೊಸ ಅಪ್ಪೋರು ಬರಲಿಲ್ಲ. ಈಗ ಅಲ್ಲಿ ಜಾಲಿ ಬೆಳೆದಿದೆ. ಮಠದ ಪಲ್ಯದ ರುಚಿ ನೆನಪಿರುವವರು ಊರಲ್ಲಿ ಕಡಿಮೆಯಾಗಿದ್ದಾರೆ, ಆಯಿಯೂ ಇಲ್ಲ. ಮನೆಮನೆಯಲ್ಲಿ ಆ ಫರ್ಸಿಗಳು ಇಂದಿಗೂ ಇವೆ, ಜನ ದಿನವೂ ವಿಭೂತಿ ಹಚ್ಚುತ್ತಾರೆ. ಕೇಳಿದರೆ ಎಲ್ಲರೂ ಕೊಟ್ಟಾರು. ತಂದು ಎಲ್ಲಿ ಹಾಸುವುದು?

ಹೋದ ತಿಂಗಳು ಅಪ್ಪ ತೀರಿಕೊಂಡ. "ನನ್ನನ್ನ ನಿಮ್ಮವ್ವನ ಮಗ್ಗಲಿಗೇ ಕುಂದ್ರಿಸು" ಎಂದು ಹಾಸಿಗೆ ಹಿಡಿದಾಗಿನಿಂದ ಹೇಳುತ್ತಿದ್ದ. ಆಗಲೆಂದು ನಾನೂ ಹೇಳುತ್ತಲೇ ಇದ್ದೆ. ಕೊನೆಗೆ ಅವನನ್ನು ಹೊಲದ ಬದುವಿನಲ್ಲಿ ಕೂರಿಸಿದೆವು.

ಅವ್ವನ ಜಾಗ ಇನ್ನೂ ಸಿಕ್ಕಿಲ್ಲ.