ಅಲ್ಲಾಡ್ಬಾರ್ದು, ಆಯ್ತಾ?

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾವು ಡ್ರೆಸ್ಡೆನ್‌ಗೆ ಬಂದಾಗ ಮೇಲಿನ ಮನೆಯಲ್ಲಿ ಮೈಸೂರಿನ ಮೇಷ್ಟ್ರೊಬ್ಬರಿದ್ದರು. ಡಿಜಿಟಲ್ ಕ್ಯಾಮೆರಾ ಕಂಡರೆ ಮೂಗು ಮುರಿಯುವ ಅವರು ಮಕ್ಕಳ ಫೋಟೋಗಳನ್ನು ಮುತ್ತಜ್ಜನ ಕಾಲದ ಮರದ ಕ್ಯಾಮೆರಾದಲ್ಲೇ ತೆಗೆಯುತ್ತಿದ್ದರು. ಅದರ ಲೆನ್ಸಿನ ಮುಚ್ಚಳ ತೆರೆದಿರುವಷ್ಟು ಹೊತ್ತೂ ಮಗು ಕಲ್ಲಿನಂತೆ ಕೂರಬೇಕು. ಮೇಷ್ಟ್ರು ಮುಚ್ಚಳ ತೆಗೆದೊಡನೆ, "ಅಲ್ಲಾಡ್ಬಾರ್ದು ಪುಟ್ಟಾ, ಆಯ್ತಾ?" ಎನ್ನುವರು. ನನ್ನ ಮಗಳು ವಿಧೇಯಳಾಗಿ, ಆಯ್ತೆಂದು ತಲೆಯಾಡಿಸುವಳು. ಫೋಟೋದಲ್ಲಿ ಫ್ರಾಕಿನ ಗುಂಡಿಗಳೆಲ್ಲ ನಿಚ್ಚಳ, ಮುಖವಿರಬೇಕಾದಲ್ಲಿ ಬರೀ ಮಂಜು.

"ಈಗಿನ ಮಕ್ಳಿಗೆ ಒಂದ್ಗಳಿಗೆ ಸುಮ್ನೆ ಕೂರಕ್ಕಾಗಲ್ಲ ಕಣಮ್ಮ" ಎಂದು ನನ್ನ ಹೆಂಡತಿಗೆ ದೂರುವರು.

ನಾವು ಆ ಊರು ಬಿಡುವ ಮುನ್ನ ಅವರನ್ನೇ ಕೂರಿಸಿ, ಮುಚ್ಚಳ ತೆಗೆದು ನಾನೆಂದೆ: "ಅಲ್ಲಾಡ್ಬಾರ್ದು ಸಾರ್, ಆಯ್ತಾ?"

ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು.

ನನ್ನಲ್ಲಿರುವ ಅವರ ಫೋಟೋ ಅದೊಂದೇ. ಕೋಟು, ಟೈ ಎಲ್ಲ ಇದೆ, ಮುಖವಿಲ್ಲ. ಮೊನ್ನೆ ಮಗಳು ನೋಡಿದೊಡನೆ ಗುರುತು ಹಿಡಿದಳು:

"ಆಯ್ತಾ ತಾತ!"