ಬರಿದಾಗದ ಜೋಳದ ಚೀಲ

ಇಲ್ಲದ ಜೋಳಕ್ಕೆ ಹೆದರಿ ತಂಗಿಗೆ ಸುಳ್ಳು ಹೇಳಿದವಳು ನಾನು. ಕಳ್ಳರು ಕೂಡ ಕಣ್ಣಿಗೆ ಕಾಣುವ ವಸ್ತುವಿಗಾಗಿಯೇ ಸುಳ್ಳು ಹೇಳುತ್ತಾರೆ. ನನ್ನದು ಅವರಿಗಿಂತ ಒಂದು ಕೈ ಮೇಲು.

ಶಹಾಪುರದ ಬಜಾರಿನಲ್ಲಿ ನನ್ನದೊಂದು ಕಾಳುಕಡಿಯ ಅಂಗಡಿ. ಏಳನೆಯ ತರಗತಿಗೆ ಶಾಲೆ ಬಿಟ್ಟು ಸೇರು ಹಿಡಿದೆ. ತಂಗಿ ಭಾಗ್ಯ ಓದಿದಳು. ಇಲ್ಲಿಯೇ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಸಂಜೆ ಅವಳಿಗೆ ಇನ್ನೊಂದು ಕೆಲಸ, ಪಗಾರವಿಲ್ಲದ್ದು. ವೆಬ್‌ಸೈಟ್ ಕಟ್ಟುವವರಿಗೆಂದು ದೇಶದೇಶಗಳ ಜನ ಕೂಡಿ ಒಂದು ಸಾಫ್ಟ್‌ವೇರ್ ಸಲಕರಣೆ ಮಾಡಿದ್ದಾರೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದರಿಂದ ಏನೇನು ಕಟ್ಟಬಹುದೆಂದು ತೋರಿಸಲು ಒಂದು ಡೆಮೊ ಬೇಕಲ್ಲ? ಅದನ್ನು ನೋಡಿಕೊಳ್ಳುವವಳು ನಮ್ಮ ಭಾಗ್ಯ. ಡೆಮೊ ಎಂದು ಅವಳು ಕಟ್ಟಿದ್ದು ನನ್ನ ಅಂಗಡಿಯನ್ನೇ! ಜೋಳ, ತೊಗರಿ, ಶೇಂಗಾ ಎಲ್ಲವೂ ಪರದೆಯ ಮೇಲೆ. ಒಂದು ಕಾಳೂ ನಿಜವಲ್ಲ.

ಸಲಕರಣೆ ಬದಲಾದಾಗಲೆಲ್ಲ ಡೆಮೊ ಎಲ್ಲಿಯಾದರೂ ಕೆಟ್ಟಿದೆಯೇ ಎಂದು ಒತ್ತಿ ನೋಡಬೇಕು. ಆ ಕೆಲಸ ನನಗೆ ಬಂತು.

“ಶಾಣ್ಯಾರು ಒತ್ತಿದ್ರ ಏನೂ ಮುರಿಯಂಗಿಲ್ಲ ಅಕ್ಕಾ, ನೀ ಒತ್ತು” ಎಂದಳು. ಹೊಗಳಿಕೆಯೆಂದೇ ತಿಳಿದೆ.

ಹನ್ನೆರಡು ಪರೀಕ್ಷೆಗಳ ಪಟ್ಟಿ ಕೊಟ್ಟಳು. ಗಿರಾಕಿಗಳಿಲ್ಲದ ಮಧ್ಯಾಹ್ನ ನನ್ನ ಅಂಗಡಿಯಲ್ಲೇ ಕುಳಿತು, ನನ್ನಿಂದಲೇ ನಾನು ತೊಗರಿ ಕೊಳ್ಳುವ ಸುಖವನ್ನು ಏನೆಂದು ಹೇಳಲಿ! ಅಷ್ಟು ಮರ್ಯಾದಸ್ಥ ಗಿರಾಕಿಯನ್ನು ನಾನು ಕಂಡೇ ಇರಲಿಲ್ಲ.

ತೊಂದರೆ ಇದ್ದದ್ದು ಹನ್ನೊಂದನೆಯದರಲ್ಲಿ. ‘ಜೋಳವನ್ನೆಲ್ಲ ಕೊಂಡು ಮುಗಿಸು, ಆಮೇಲೆ ಯಾವ ಪುಟ ಬರುತ್ತದೆ ನೋಡು’ ಎಂದಿತ್ತು. ನಾವು ಅಂಗಡಿಯವರು ಕಾಳಿನ ಚೀಲವನ್ನು ಬರಿದು ಮಾಡುವವರಲ್ಲ. ಹೊಸ ಚೀಲ ಬರುವ ತನಕ ತಳದಲ್ಲಿ ಒಂದು ಹಿಡಿ ಉಳಿಯಲೇಬೇಕು. ಮೂವತ್ತು ವರ್ಷ ಹೀಗೆ ಅಳೆದ ಕೈ ಕೊನೆಯ ಸೇರಿನ ಮುಂದೆ ನಿಂತುಬಿಟ್ಟಿತು. ಒಂದು ಸೇರು ಉಳಿಸಿ, ‘ಸರಿ ಇದೆ’ ಎಂದು ಗುರುತು ಹಾಕಿದೆ. ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲ ಯೋಚಿಸಲೂ ಇಲ್ಲ.

ಒಂದು ದಿನ ಭಾಗ್ಯ ಊಟ ಬಿಟ್ಟು ಕುಳಿತಳು. ಡೆಮೊದಲ್ಲಿ ಸಾಮಾನು ಕೊಂಡರೆ ಒಮ್ಮೊಮ್ಮೆ ಪುಟವೇ ಬೆಳ್ಳಗಾಗುತ್ತದೆಂದು ದೂರದವರು ಯಾರೋ ಬರೆದಿದ್ದರು. ಎರಡು ದಿನ ಹುಡುಕಿದರೂ ತಪ್ಪು ಸಿಕ್ಕಿರಲಿಲ್ಲ. ನಾಳೆಯೊಳಗೆ ಆಗದಿದ್ದರೆ ಡೆಮೊವನ್ನು ಬೇರೆಯವರಿಗೆ ಒಪ್ಪಿಸೋಣ ಎಂಬ ಮಾತು ಸಲಕರಣೆ ಮಾಡಿದವರ ಗುಂಪಿನಲ್ಲಿ ನಡೆದಿತ್ತು.

“ಪಟ್ಟ್ಯಾಗಿನ ಹನ್ನೆರಡೂ ನೀನ ನೋಡೀದಿ. ಅಂದಮ್ಯಾಲ ಅಲ್ಲಿ ಹುಡುಕೋದ ಬ್ಯಾಡ. ತಪ್ಪು ಬ್ಯಾರೆ ಎಲ್ಲೋ ಅದ” ಎಂದಳು.

ಬೈದಿದ್ದರೆ ಸಹಿಸುತ್ತಿದ್ದೆ. ನಂಬಿದಳಲ್ಲ, ಅದು ಚುಚ್ಚಿತು.

“ಭಾಗ್ಯಾ, ಹನ್ನೊಂದನೇದು ನಾ ಮಾಡೇ ಇಲ್ಲ.”

“ಒಮ್ಮಿನೂ?”

“ಒಮ್ಮಿನೂ ಇಲ್ಲ. ಚೀಲ ಬರಿದಾಗ್ತದಲ್ಲ…”

“ಅದು ಸುಳ್ ಜ್ವಾಳ, ಅಕ್ಕಾ!”

“ನನಗ ಗೊತ್ತದ. ಕೈಗೆ ಗೊತ್ತಿಲ್ಲ.”

ಅವಳು ಹಣೆ ಹಿಡಿದುಕೊಂಡಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ನಗುತ್ತಿದ್ದಳು! ನನ್ನ ಬೆರಳು ಹಿಡಿದು ಆ ಕೊನೆಯ ಸೇರನ್ನು ಕೊಳ್ಳಿಸಿದಳು. ಪುಟ ಬೆಳ್ಳಗಾಯಿತು. ಅರ್ಧ ತಾಸಿನಲ್ಲಿ ಸರಿಮಾಡಿ, ಗಂಗಾಳ ಎಳೆದುಕೊಂಡು ನಾಲ್ಕು ರೊಟ್ಟಿ ತಿಂದಳು.

ಗುಂಪಿನವರಿಗೆ ಅವಳು ತನ್ನದೇ ತಪ್ಪೆಂದು ಬರೆಯಹೊರಟಾಗ ನಾನು ತಡೆದೆ. ನಾನು ಹೇಳಿದಂತೆಯೇ ಬರೆಸಿದೆ: ‘ಹನ್ನೊಂದನೆಯದನ್ನು ಮಾಡಿರಲಿಲ್ಲ. ಧೈರ್ಯ ಸಾಲಲಿಲ್ಲ. ಇಂತಿ, ಭಾಗ್ಯಳ ಅಕ್ಕ.’

ಡೆಮೊ ಅವಳ ಬಳಿಯೇ ಉಳಿಯಿತು. ವಾರದ ನಂತರ ಗುಂಪಿನಿಂದ ಎಲ್ಲರಿಗೂ ಹೊಸ ಪಟ್ಟಿ ಬಂತು. ಹಳೆಯದರಲ್ಲಿ ಗುರುತು ಹಾಕಲು ಎರಡೇ ಕಾಲಂ ಇದ್ದವು: ‘ಸರಿ ಇದೆ’, ‘ಕೆಟ್ಟಿದೆ’. ಈಗ ಅವರೇ ಮೂರನೆಯದೊಂದನ್ನು ಸೇರಿಸಿದ್ದಾರೆ: ‘ಧೈರ್ಯ ಸಾಲಲಿಲ್ಲ’. ಅಷ್ಟು ಓದಿದ ಜನ, ತಮ್ಮ ತಮ್ಮ ಭಾಗ ಪರೀಕ್ಷಿಸುವಾಗ ಎಲ್ಲಕ್ಕಿಂತ ಮೊದಲು ತುಂಬುವುದು ಆ ಕಾಲಮನ್ನೇ ಅಂತೆ.