ನಮಸ್ಕಾರ ಹೊರಗೇ ಮುಗಿಸಿ

ಅರವತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಪಾದದಲ್ಲಿ ಮುರಿದ ಮುಳ್ಳು, ಆಣಿ, ಮಾಂಸಕ್ಕೆ ನಾಟಿದ ಉಗುರು, ಇವೇ ನಮ್ಮ ಆಪರೇಷನ್‌ಗಳು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಡಾಕ್ಟರು ಪಾದ ಮುಟ್ಟಿದರೆ ಸಾಕು, ರೋಗಿ ಧಡಕ್ಕನೆ ಎದ್ದು ಕೂತು, "ದೊಡ್ಡೋರು ನನ್ ಕಾಲು ಮುಟ್ಟೋದಾ! ತಪ್ಪಾಯ್ತು ಸ್ವಾಮಿ" ಅಂತ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಕುದಿಸಿಟ್ಟ ಗ್ಲೌಸು ಕೆಟ್ಟಿತು! ಡಾಕ್ಟರು ಮತ್ತೆ ಕೈ ತೊಳೆದು, ಬೇರೆ ಗ್ಲೌಸು ಹಾಕಿಕೊಂಡು ಬರುವಷ್ಟರಲ್ಲಿ ನನಗೆ ಮೈಯೆಲ್ಲ ಉರಿ.

ಒಂದು ದಿನ ತಾಳ್ಮೆ ಕೆಟ್ಟು ಡಾಕ್ಟರನ್ನೇ ವರಾಂಡಕ್ಕೆ ಕರೆತಂದು ನಿಲ್ಲಿಸಿದೆ. ಕಾದು ಕೂತವರಿಗೆಲ್ಲ ಹೇಳಿದೆ: "ಎಲ್ಲಾರೂ ಕಾಲು ತೊಳ್ಕೊಂಡು ಇಲ್ಲೇ ಕೈ ಮುಗಿದ್ಬಿಡಿ. ಒಳಗೆ ಯಾರಾದ್ರೂ ಎದ್ರೆ ನಾನ್ ಸುಮ್ನಿರಲ್ಲ." ಅವತ್ತು ಮಧ್ಯಾಹ್ನದೊಳಗೆ ಎಲ್ಲರ ಕಾಲೂ ಮುಗಿದು, ನಾವು ಬಿಸಿಬಿಸಿ ಮುದ್ದೆ ಉಂಡೆವು.

ಮುಂದಿನ ವಾರ ಡಾಕ್ಟರ ಕಾಲಿಗೇ ಜಾಲಿಮುಳ್ಳು ಚುಚ್ಚಿ ಮುರಿಯಿತು. ತೆಗೆಯೋಣವೆಂದು ಮೇಜಿನ ಮೇಲೆ ಮಲಗಿಸಿ ಪಾದ ಹಿಡಿದೆ. ಧಡಕ್ಕನೆ ಎದ್ದು ಕೂತರು. "ತಪ್ಪಾಯ್ತಮ್ಮ" ಅಂತ ನನ್ನ ಗ್ಲೌಸು ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಾನು ಬಾಗಿಲು ತೋರಿಸಿದೆ. "ವರಾಂಡಕ್ಕೆ ನಡೀರಿ ಸಾರ್."